ದೃಷ್ಟಿ ಸರಿಯಿದ್ದರೂ ಬಾಗಿಲ ಚೌಕಟ್ಟಿಗೆ ಭುಜ ಬಡಿಯುವುದೇಕೆ?

ಪ್ರಶ್ನೆ: ನನ್ನ ಗಂಡನಿಗೆ 67 ವರ್ಷ. ಪಾರ್ಕಿನ್ಸನ್ಸ್ ಇದೆ ಎಂದು ಗೊತ್ತಾಗಿ ಏಳು ವರ್ಷವಾಯಿತು. ಮೊದಲು ಎಡಗೈ ನಡುಗುತ್ತಿತ್ತು. ಈಗ ನಡಿಗೆಯೂ ನಿಧಾನವಾಗಿದೆ. ಅದಕ್ಕೆಲ್ಲ ಹೊಂದಿಕೊಂಡಿದ್ದೇವೆ. ಆದರೆ ಒಂದು ವರ್ಷದಿಂದ ಬೇರೆಯದೇ ತೊಂದರೆ ಶುರುವಾಗಿದೆ. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿಯುತ್ತದೆ. ಲೋಟವನ್ನು ಮೇಜಿನ ತುದಿಯಲ್ಲಿಟ್ಟು ಬೀಳಿಸುತ್ತಾರೆ. ಕುರ್ಚಿಯ ಅಂಚಿನಲ್ಲಿ ಕೂತು ಜಾರುತ್ತಾರೆ. ಓದಲು ಕೂತರೆ ಅಕ್ಷರ ಎರಡೆರಡಾಗಿ ಕಾಣುತ್ತದೆ ಎನ್ನುತ್ತಾರೆ. ಪೊರೆಯ ಆಪರೇಷನ್ ಆಗಿದೆ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ದೃಷ್ಟಿ 6/6 ಇದೆ ಅಂದರು. ಹಾಗಿದ್ದರೆ ಇದೆಲ್ಲ ಗಮನ ಕೊಡದೆ ಆಗುತ್ತಿರುವುದೇ? “ನೋಡಿಕೊಂಡು ನಡೀರಿ” ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಅವರು ಬೇಸರ ಮಾಡಿಕೊಳ್ಳುತ್ತಾರೆ. ಕಳೆದ ವಾರ ಸಂಜೆ ಕರ್ಟನ್ ಕಡೆ ಕೈ ತೋರಿಸಿ, “ಅಲ್ಲಿ ನಿಂತಿರೋದು ಯಾರು?” ಎಂದು ಕೇಳಿದರು. ಮರುಕ್ಷಣ ತಾವೇ “ಓ, ಕರ್ಟನ್ನು” ಅಂದರು. ನನಗೆ ಭಯವಾಗಿದೆ. ಇದು ಮರೆವಿನ ಕಾಯಿಲೆಯ ಶುರುವೇ?

ಉತ್ತರ: ನಿಮ್ಮ ಗಂಡ ನೋಡಿಕೊಂಡೇ ನಡೆಯುತ್ತಿದ್ದಾರೆ. ಇದನ್ನು ಮೊದಲು ಹೇಳಿಬಿಡಬೇಕು ಅನ್ನಿಸಿತು. ನಿಮಗೆ ಕಾಣುವ ಬಾಗಿಲಿಗಿಂತ ಅವರಿಗೆ ಕಾಣುವ ಬಾಗಿಲು ಬೇರೆ ಅಳತೆಯದ್ದಾಗಿರಬಹುದು. ಪಾರ್ಕಿನ್ಸನ್ಸ್ ಅಂದರೆ ನಡುಕ, ಬಿಗಿತ, ನಿಧಾನ ಇಷ್ಟೇ ಎಂದು ಬಹಳ ಜನ ತಿಳಿದಿದ್ದಾರೆ. ಅದು ನೋಟವನ್ನೂ ಮುಟ್ಟುತ್ತದೆ. ಕಣ್ಣಿನ ಒಳಪದರದಲ್ಲೂ ಮುಟ್ಟುತ್ತದೆ, ಕಂಡ ವಸ್ತು ಎಲ್ಲಿದೆ, ಎಷ್ಟು ದೂರ ಇದೆ ಎಂದು ಅಳೆಯುವ ಮೆದುಳಿನ ಭಾಗದಲ್ಲೂ ಮುಟ್ಟುತ್ತದೆ.

ಇದು ಇಷ್ಟು ಕಾಲ ಯಾಕೆ ಹಿಂದೆ ಉಳಿಯಿತು ಎಂಬುದಕ್ಕೂ ಒಂದು ಹಿನ್ನೆಲೆ ಇದೆ. ಈ ಕಾಯಿಲೆಯನ್ನು ಮೊದಲು ವಿವರವಾಗಿ ಬರೆದವರು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್. 1817ರ ಅವರ ಪ್ರಬಂಧದಲ್ಲಿ, ಇಂದ್ರಿಯಗಳಿಗೂ ಬುದ್ಧಿಗೂ ಇದರಿಂದ ಧಕ್ಕೆಯಿಲ್ಲ ಎಂಬ ಮಾತಿದೆ. ಅವರು ವಿವರಿಸಿದ್ದು ಆರೇ ಜನರನ್ನು, ಅವರಲ್ಲೂ ಕೆಲವರನ್ನು ಬೀದಿಯಲ್ಲಿ ಕಂಡದ್ದಷ್ಟೇ. ಆದರೂ ಆ ಮಾತು ವೈದ್ಯರ ಮನಸ್ಸಿನಲ್ಲಿ ತುಂಬಾ ವರ್ಷ ಉಳಿದುಬಿಟ್ಟಿತು. ಇವತ್ತಿಗೂ ಎಷ್ಟೋ ಕಡೆ ನಾವು ವೈದ್ಯರು ಕೈ ಹಿಡಿದು ಬಿಗಿತ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ, ಮಾತ್ರೆ ಬದಲಿಸಿ ಕಳಿಸುತ್ತೇವೆ. “ಮೆಟ್ಟಿಲು ನಿಮಗೆ ಹೇಗೆ ಕಾಣುತ್ತದೆ?” ಎಂದು ಕೇಳುವುದಿಲ್ಲ. ನಾನೂ ಮೊದಮೊದಲು ಕೇಳುತ್ತಿರಲಿಲ್ಲ. ಒಬ್ಬ ನಿವೃತ್ತ ಶಿಕ್ಷಕಿ, ವರ್ಷಗಟ್ಟಲೆ ನನ್ನ ಬಳಿ ಬರುತ್ತಿದ್ದವರು, ಒಂದು ದಿನ ತಾವಾಗಿಯೇ ಹೇಳಿದರು: “ಇಳಿಯುವಾಗ ನನಗೆ ಮೆಟ್ಟಿಲು ಕಾಣೋದಿಲ್ಲ ಡಾಕ್ಟ್ರೇ, ಒಂದು ಇಳಿಜಾರಿನ ಹಲಗೆ ಕಾಣುತ್ತೆ.” ಅಷ್ಟು ದಿನ ಅವರು ಮೇಲಿನ ಕೋಣೆಯಿಂದ ಇಳಿಯದೆ ಇದ್ದದ್ದು ಸೋಮಾರಿತನ ಎಂದು ಮನೆಯವರು ಅಂದುಕೊಂಡಿದ್ದರು. ಅವತ್ತಿನಿಂದ ಈ ಪ್ರಶ್ನೆ ಕೇಳದೆ ನಾನು ಯಾರನ್ನೂ ಕಳಿಸಿಲ್ಲ.

ಈಗ ಆ 6/6 ವಿಷಯಕ್ಕೆ ಬರೋಣ. ಗೋಡೆಯ ಮೇಲೆ ದೊಡ್ಡ ಅಕ್ಷರದಿಂದ ಸಣ್ಣ ಅಕ್ಷರಕ್ಕೆ ಇಳಿಯುವ ಚಾರ್ಟ್ ಇರುತ್ತದಲ್ಲ, ಅದನ್ನು ನೆದರ್ಲೆಂಡ್ಸ್‌ನ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದರು. ಒಳ್ಳೆಯ ಪರೀಕ್ಷೆ. ಆದರೆ ಅದರಲ್ಲಿ ಅಕ್ಷರ ಕಡುಕಪ್ಪು, ಹಿನ್ನೆಲೆ ಅಚ್ಚಬಿಳಿ. ನೋಡುವವರು ಸುಮ್ನೆ ಕೂತಿರುತ್ತಾರೆ. ಅಕ್ಷರವೂ ಅಲುಗಾಡುವುದಿಲ್ಲ. ಒಂದು ಕಣ್ಣು ಮುಚ್ಚಿ ಓದಿಸುತ್ತಾರೆ. ಮನೆಯೊಳಗೆ ಜೀವನ ಹೀಗಿರುವುದಿಲ್ಲ ಅಲ್ವಾ? ಅಲ್ಲಿ ಬೂದು ನೆಲದ ಮೇಲೆ ಬೂದು ಮೆಟ್ಟಿಲಿರುತ್ತದೆ. ಬಿಳಿ ಗೋಡೆಗೆ ಬಿಳಿ ಸ್ವಿಚ್ ಇರುತ್ತದೆ. ಸಂಜೆಯ ಮಬ್ಬು ಇರುತ್ತದೆ. ನಾವೇ ನಡೆಯುತ್ತಿರುತ್ತೇವೆ. ಚಾರ್ಟ್ ಓದುವುದು ನೋಟದ ಒಂದು ಚೂರು ಮಾತ್ರ. ಕಣ್ಣಿನ ಡಾಕ್ಟರು ತಪ್ಪು ಹೇಳಿಲ್ಲ. ಅವರು ಅಳೆದದ್ದು ಆ ಚೂರನ್ನು.

ಪಾರ್ಕಿನ್ಸನ್ಸ್‌ನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ ಎಂದು ನೀವು ಕೇಳಿರುತ್ತೀರಿ. ಡೋಪಮೈನ್ ಕೆಲಸ ಮಾಡುವುದು ಮೆದುಳಿನ ಆಳದಲ್ಲಿ ಮಾತ್ರ ಅಲ್ಲ. ಕಣ್ಣಿನ ಒಳಪದರವಾದ ರೆಟಿನಾದಲ್ಲೂ ಅದನ್ನು ಬಳಸುವ ಜೀವಕೋಶಗಳಿವೆ. ಬೆಳಕು ಹೆಚ್ಚು ಕಡಿಮೆಯಾದಾಗ ಕಣ್ಣು ಹೊಂದಿಕೊಳ್ಳಲು, ತೆಳು ನೆರಳನ್ನು ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲು ಅವು ನೆರವಾಗುತ್ತವೆ. ಅಲ್ಲಿ ಡೋಪಮೈನ್ ಇಳಿದರೆ ಅಕ್ಷರ ಕಾಣುತ್ತದೆ, ಅಂಚು ಕಾಣುವುದಿಲ್ಲ. ಇದನ್ನು ಕಾಂಟ್ರಾಸ್ಟ್ ಕಡಿಮೆಯಾಗುವುದು ಎನ್ನುತ್ತೇವೆ. ಮಂಜು ಕವಿದ ಬೆಳಗ್ಗೆ ಹೊರಗೆ ನೋಡಿದಂತೆ ಅಂದುಕೊಳ್ಳಿ. ಮರ ಕಾಣುತ್ತದೆ, ಕೊಂಬೆಗಳು ಒಂದರೊಳಗೊಂದು ಕಲೆತುಹೋಗಿರುತ್ತವೆ. ಕೆಲವರಿಗೆ ಬಣ್ಣಗಳೂ ಮಾಸಿದಂತೆ ಆಗುತ್ತವೆ, ಅದರಲ್ಲೂ ನೀಲಿ-ಹಳದಿಯ ನಡುವಿನ ಸಣ್ಣ ವ್ಯತ್ಯಾಸಗಳು. ಇದನ್ನು ಅಳೆಯಲು ಬೇರೆ ಚಾರ್ಟ್ ಇದೆ. 1988ರಲ್ಲಿ ಬಂದ ಪೆಲ್ಲಿ-ರಾಬ್ಸನ್ ಚಾರ್ಟ್‌ನಲ್ಲಿ ಅಕ್ಷರಗಳೆಲ್ಲ ಒಂದೇ ಗಾತ್ರ. ಕೆಳಕ್ಕೆ ಹೋದಂತೆ ಬಣ್ಣ ತೆಳುವಾಗುತ್ತಾ ಮಾಯವಾಗುತ್ತದೆ. ಮುಂದಿನ ಸಲ ಕಣ್ಣಿನ ಡಾಕ್ಟರ ಬಳಿ ಹೋದಾಗ “ಕಾಂಟ್ರಾಸ್ಟ್ ಪರೀಕ್ಷೆ ಮಾಡಿ” ಎಂದು ಹೆಸರು ಹೇಳಿಯೇ ಕೇಳಿ. ಕೇಳದಿದ್ದರೆ ಸಾಮಾನ್ಯವಾಗಿ ಮಾಡುವುದಿಲ್ಲ.

ಓದುವಾಗ ಎರಡೆರಡಾಗಿ ಕಾಣುವುದು ಬೇರೆ ವಿಷಯ. ಹತ್ತಿರದ ವಸ್ತುವನ್ನು ನೋಡುವಾಗ ಎರಡೂ ಕಣ್ಣು ಮೂಗಿನ ಕಡೆಗೆ ಸ್ವಲ್ಪ ತಿರುಗಬೇಕು. ಪಾರ್ಕಿನ್ಸನ್ಸ್‌ನಲ್ಲಿ ಈ ತಿರುಗುವಿಕೆ ಸಾಲದೆ ಬರುವುದು ಸಾಮಾನ್ಯ. ಆಗ ಪುಸ್ತಕದ ಸಾಲು ಪಕ್ಕಪಕ್ಕದಲ್ಲಿ ಎರಡಾಗುತ್ತದೆ, ದೂರದ್ದು ಸರಿಯಾಗಿ ಕಾಣುತ್ತದೆ. ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಎರಡಾಗಿ ಕಾಣುತ್ತಿರುವಾಗ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಲು ಹೇಳಿ. ಒಂದಾಗಿಬಿಟ್ಟರೆ ಕಣ್ಣುಗಳ ಹೊಂದಾಣಿಕೆಯ ತೊಂದರೆ. ಕನ್ನಡಕಕ್ಕೆ ಪ್ರಿಸಂ, ಅಂದರೆ ಬೆಳಕನ್ನು ಸ್ವಲ್ಪ ಬಾಗಿಸುವ ಗಾಜು, ಹಾಕಿಸಿದರೆ ಬಹಳ ಜನರಿಗೆ ಸುಲಭವಾಗುತ್ತದೆ. ಒಂದೇ ಕಣ್ಣಿನಲ್ಲಿ ನೋಡಿದರೂ ನೆರಳು ನೆರಳಾಗಿ ಎರಡು ಕಂಡರೆ ಕಾರಣ ಕಣ್ಣೊಳಗೇ ಇರುತ್ತದೆ. ಕಣ್ಣು ಒಣಗಿರಬಹುದು. ಪೊರೆ ತೆಗೆದ ಮೇಲೆ ಒಳಗಿನ ಲೆನ್ಸ್‌ನ ಹಿಂದಿನ ಪದರ ಮತ್ತೆ ಮಬ್ಬಾಗಿರಬಹುದು, ಅದನ್ನು ಲೇಸರ್‌ನಿಂದ ಸರಿಪಡಿಸುತ್ತಾರೆ.

ಕಣ್ಣು ಒಣಗುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾವು ಸುಮ್ಮನೆ ಕೂತಾಗ ನಿಮಿಷಕ್ಕೆ ಸುಮಾರು 15ರಿಂದ 20 ಸಲ ಕಣ್ಣು ಮಿಟುಕಿಸುತ್ತೇವೆ. ಪಾರ್ಕಿನ್ಸನ್ಸ್ ಇರುವವರು ಅದಕ್ಕಿಂತ ತುಂಬಾ ಕಡಿಮೆ ಮಿಟುಕಿಸುತ್ತಾರೆ. ಕಣ್ಣಿನ ಮೇಲ್ಮೈ ಒಣಗಿ ಚಿತ್ರ ಮಸುಕಾಗುತ್ತದೆ. ಸಂಜೆಯ ಹೊತ್ತಿಗೆ ಇದು ಜಾಸ್ತಿ. ಕಣ್ಣೀರಿನಂಥ ಡ್ರಾಪ್ಸ್ ದಿನಕ್ಕೆ ಕೆಲವು ಸಲ ಹಾಕಿದರೆ ಸಾಕಾಗಬಹುದು. ಇಷ್ಟು ಸರಳ ಕ್ರಮದಿಂದ ಮತ್ತೆ ಪುಸ್ತಕ ಹಿಡಿದವರನ್ನು ನೋಡಿದ್ದೇನೆ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಥರದ ಮಾತ್ರೆಯೂ ಕಣ್ಣನ್ನು ಒಣಗಿಸುತ್ತದೆ, ಹತ್ತಿರದ ನೋಟವನ್ನು ಮಸುಕು ಮಾಡುತ್ತದೆ. ಆ ಮಾತ್ರೆಯ ಮೇಲೆ ಬೇರೆ ದೂರೂ ಇದೆ, ಮುಂದೆ ಹೇಳುತ್ತೇನೆ.

ಕನ್ನಡಕದ ಬಗ್ಗೆ ಒಂದು ಮಾತು. ಅವರು ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕ ಹಾಕಿಕೊಂಡು ನಡೆಯುತ್ತಿದ್ದರೆ, ಕಾಲ ಕೆಳಗಿನ ನೆಲವನ್ನು ಓದುವ ಗಾಜಿನ ಮೂಲಕ ನೋಡುತ್ತಿದ್ದಾರೆ ಎಂದರ್ಥ. ನೆಲ ಮಸುಕಾಗುತ್ತದೆ, ಮೆಟ್ಟಿಲಿನ ಎತ್ತರ ತಪ್ಪುತ್ತದೆ. ನಡೆಯಲು ಒಂದು, ಓದಲು ಒಂದು ಎಂದು ಎರಡು ಕನ್ನಡಕ ಇಟ್ಟುಕೊಳ್ಳುವುದೇ ಒಳ್ಳೆಯದು. ನನ್ನ ಮಟ್ಟಿಗೆ ಇದರಲ್ಲಿ ಎರಡನೇ ಮಾತಿಲ್ಲ.

ಇಲ್ಲಿವರೆಗಿನದು ಕಣ್ಣಿನ ಪಾಲು. ಚೌಕಟ್ಟು, ಕುರ್ಚಿ, ಲೋಟ, ಈ ಮೂರರ ಪಾಲು ಹೆಚ್ಚಾಗಿ ಮೆದುಳಿನದು.

ಕಣ್ಣಿನಿಂದ ಬಂದ ಚಿತ್ರ ಮೊದಲು ಮೆದುಳಿನ ಹಿಂಭಾಗಕ್ಕೆ ಹೋಗುತ್ತದೆ. ಅಲ್ಲಿಂದ ದೊಡ್ಡದಾಗಿ ಎರಡು ದಾರಿ ಕವಲೊಡೆಯುತ್ತವೆ. ಒಂದು ಕಿವಿಯ ಪಕ್ಕದ ಕಡೆಗೆ ಹೋಗಿ ‘ಇದೇನು’ ಎಂದು ಗುರುತಿಸುತ್ತದೆ. ಇನ್ನೊಂದು ನೆತ್ತಿಯ ಹಿಂಬದಿಗೆ ಹೋಗಿ ‘ಇದೆಲ್ಲಿದೆ, ಕೈ ಎಷ್ಟು ಚಾಚಬೇಕು, ನಾನು ಇದರೊಳಗೆ ಹಿಡಿಸುತ್ತೇನೆಯೇ’ ಎಂದು ಲೆಕ್ಕ ಹಾಕುತ್ತದೆ. ನಿಮ್ಮ ಗಂಡನಿಗೆ ಲೋಟ ಲೋಟವಾಗಿಯೇ ಕಾಣುತ್ತದೆ. ಮೇಜಿನ ಅಂಚು ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕ ಒಂದೆರಡು ಇಂಚು ತಪ್ಪುತ್ತದೆ, ಅಷ್ಟೇ. ಲೋಟ ಬೀಳಲು ಒಂದೆರಡು ಇಂಚು ಸಾಕು.

ಎಡಭುಜವೇ ಯಾಕೆ ಬಡಿಯುತ್ತದೆ ಎಂಬುದು ನಿಮ್ಮ ಪತ್ರದಲ್ಲೇ ಇದೆ. ನಡುಕ ಶುರುವಾದದ್ದು ಎಡಗೈಯಲ್ಲಿ ಎಂದು ಬರೆದಿದ್ದೀರಿ. ದೇಹದ ಎಡಭಾಗವನ್ನು ನಡೆಸುವುದು ಮೆದುಳಿನ ಬಲಭಾಗ. ಅದೇ ಬಲಭಾಗ ಜಾಗ, ದೂರ, ಅಗಲಗಳ ಲೆಕ್ಕದಲ್ಲೂ ಮುಂದಾಳು. ಎಡಗಡೆಯಿಂದ ಕಾಯಿಲೆ ಶುರುವಾದ ಕೆಲವರಲ್ಲಿ ಎಡಗಡೆಯ ಜಾಗ ಕುಗ್ಗಿದಂತೆ ಅನಿಸುತ್ತದೆ, ಬಾಗಿಲು ತಮ್ಮ ಮೈಗಿಂತ ಕಿರಿದು ಎಂದು ತೋರುತ್ತದೆ. ಅಧ್ಯಯನಗಳಲ್ಲೂ ಇದು ಕಂಡಿದೆ. ಎಲ್ಲರಿಗೂ ಹೀಗೇ ಆಗಬೇಕೆಂದಿಲ್ಲ, ಬಲಗಡೆಯಿಂದ ಶುರುವಾದವರಿಗೂ ಅಳತೆ ತಪ್ಪಬಹುದು. ಆದರೆ ನಿಮ್ಮ ಗಂಡನ ಕಥೆ ಇದಕ್ಕೆ ತುಂಬಾ ಚೆನ್ನಾಗಿ ಹೊಂದುತ್ತದೆ.

ಇದರ ಮೇಲೆ ಇನ್ನೊಂದು ಕಷ್ಟವಿದೆ. ನೀವು ನಾನು ನಡೆಯುವಾಗ ಕಾಲಿನ ಬಗ್ಗೆ ಯೋಚನೆ ಮಾಡುವುದಿಲ್ಲ. ಅದು ತಾನಾಗಿ ಆಗುತ್ತದೆ. ಪಾರ್ಕಿನ್ಸನ್ಸ್‌ನಲ್ಲಿ ಆ ‘ತಾನಾಗಿ’ ಎಂಬುದೇ ಸೊರಗುತ್ತದೆ. ಕಾಲು ಎಲ್ಲಿದೆ, ಮೈ ಎಷ್ಟು ವಾಲಿದೆ ಎಂದು ಒಳಗಿನಿಂದ ತಿಳಿಯುವುದೂ ಮಂಕಾಗುತ್ತದೆ. ಆಗ ಮನುಷ್ಯ ಕಣ್ಣಿನ ಮೇಲೆ ಭಾರ ಹಾಕುತ್ತಾನೆ, ಪ್ರತಿ ಹೆಜ್ಜೆಯನ್ನೂ ನೋಡಿ ಇಡುತ್ತಾನೆ. ಹಾಗೆ ನಂಬಿದ ಕಣ್ಣೂ ಸರಿಯಾದ ಸುದ್ದಿ ಕೊಡದಿದ್ದರೆ ಏನು ಗತಿ? ಕತ್ತಲೆಯ ಓಣಿಯಲ್ಲಿ ಇಂಥವರು ಬೀಳುವುದು, ದೀಪ ಹಾಕಿದ ಕೋಣೆಯಲ್ಲಿ ಸರಾಗವಾಗಿ ನಡೆಯುವುದು ಇದೇ ಕಾರಣಕ್ಕೆ.

ಬಾಗಿಲಲ್ಲಿ ಕಾಲು ನೆಲಕ್ಕೆ ಅಂಟಿದಂತಾಗಿ ನಿಂತುಬಿಡುವುದೂ ಕೆಲವರಿಗೆ ಆಗುತ್ತದೆ. ನೀವು ಅದನ್ನು ಬರೆದಿಲ್ಲ. ಮುಂದೆ ಬಂದರೆ ಗಾಬರಿಯಾಗಬೇಡಿ. ಅಲ್ಲಿ ನೋಟವೇ ಮದ್ದಾಗುತ್ತದೆ. ಬ್ರಿಟನ್ನಿನ ನರವೈದ್ಯ ಪರ್ಡನ್ ಮಾರ್ಟಿನ್ 1967ರಲ್ಲೇ ಇದನ್ನು ದಾಖಲಿಸಿದ್ದರು. ನೆಲದ ಮೇಲೆ ಅಡ್ಡಗೆರೆಗಳಿದ್ದರೆ, ಹೆಜ್ಜೆ ಕೀಳಲಾಗದವರೂ ಗೆರೆ ದಾಟುತ್ತಾ ನಡೆಯುತ್ತಾರೆ. ನಾನು ಮೊದಲ ಸಲ ಇದನ್ನು ಕಣ್ಣಾರೆ ಕಂಡಾಗ ಮಾತೇ ಹೊರಡಲಿಲ್ಲ. ನೆಲದಲ್ಲಿ ಒಂದೊಂದು ಹೆಜ್ಜೆಯ ಅಂತರಕ್ಕೆ ಎದ್ದು ಕಾಣುವ ಬಣ್ಣದ ಟೇಪ್ ಅಂಟಿಸಿದ್ದೆವು. ಐದು ನಿಮಿಷದಿಂದ ಬಾಗಿಲಲ್ಲಿ ಸಿಕ್ಕಿಕೊಂಡಿದ್ದವರು ಅದರ ಮೇಲೆ ಹೆಜ್ಜೆ ಹಾಕಿ ಆಚೆ ನಡೆದರು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಅವರನ್ನು ತಿದ್ದುವುದಕ್ಕಿಂತ ಮನೆಯನ್ನು ತಿದ್ದುವುದು ಸುಲಭ, ಬೇಗ ಫಲವೂ ಕಾಣುತ್ತದೆ. ಬಾಗಿಲ ಚೌಕಟ್ಟಿನ ಎಡಗಡೆ, ಭುಜದ ಎತ್ತರದಲ್ಲಿ, ಗೋಡೆಗೆ ತದ್ವಿರುದ್ಧವಾದ ಬಣ್ಣದ ಅಗಲ ಪಟ್ಟಿ ಅಂಟಿಸಿ. ಬಾಗಿಲಿಗೆ ಬರುವ ಮುಂಚೆ ಒಂದು ಕ್ಷಣ ನಿಂತು, ಆ ಪಟ್ಟಿಯನ್ನು ಹುಡುಕಿ ನೋಡಿ, ಆಮೇಲೆ ದಾಟುವ ಅಭ್ಯಾಸ ಮಾಡಿಸಿ. ಎಡಗಡೆಗೆ ಬೇಕೆಂದೇ ತಲೆ ತಿರುಗಿಸುವುದು ಇದರ ಗುಟ್ಟು. ಕಾಣದ ಕಡೆಯನ್ನು ಮನಸ್ಸಿಟ್ಟು ನೋಡಿದಾಗ ಕಾಣುತ್ತದೆ, ತಾನಾಗಿ ಕಾಣುವುದಿಲ್ಲ. “ನೋಡಿಕೊಂಡು ನಡೀರಿ” ಎಂಬ ಮಾತು ಇಲ್ಲಿ ಕೆಲಸ ಮಾಡದಿರುವುದೂ ಅದಕ್ಕೇ. ಎಲ್ಲಿ ನೋಡಬೇಕು ಎಂದು ಅದು ಹೇಳುವುದಿಲ್ಲ. “ಎಡಗಡೆ ಪಟ್ಟಿ ನೋಡಿ” ಎಂದರೆ ಹೇಳಿದಂತಾಯಿತು. ಅದನ್ನೂ ಬಾಗಿಲಿಗೆ ಮೂರು ಹೆಜ್ಜೆ ಮುಂಚೆ ಹೇಳಿ. ದಾಟುತ್ತಿರುವಾಗ ಮಾತಾಡಿಸಬೇಡಿ. ನಡೆಯುವುದೇ ಅವರಿಗೆ ಪೂರ್ತಿ ಗಮನ ಬೇಡುವ ಕೆಲಸ. ಮಧ್ಯೆ ಒಂದು ಪ್ರಶ್ನೆ ಕೇಳಿದರೆ ಎರಡರಲ್ಲಿ ಒಂದು ಕೈತಪ್ಪುತ್ತದೆ.

ಕುರ್ಚಿಗೆ ಕಣ್ಣನ್ನು ನಂಬಬೇಡಿ, ಮುಟ್ಟುವುದನ್ನು ನಂಬಿ. ಬಹಳ ಜನ ಕುರ್ಚಿ ಇನ್ನೂ ಒಂದು ಹೆಜ್ಜೆ ದೂರ ಇರುವಾಗಲೇ ತಿರುಗಿ ಕೂರಲು ಹೋಗುತ್ತಾರೆ. ಕುರ್ಚಿಯ ಹತ್ತಿರ ಬಂದು, ಪೂರ್ತಿ ತಿರುಗಿ, ಎರಡೂ ಕಾಲಿನ ಹಿಂಭಾಗ ಕುರ್ಚಿಗೆ ತಗುಲಬೇಕು. ಆಮೇಲೆ ಎರಡೂ ಕೈ ಹಿಂದಕ್ಕೆ ಚಾಚಿ ಕುರ್ಚಿಯ ಕೈಗಳನ್ನು ಹಿಡಿಯಬೇಕು. ಆಮೇಲೆ ಕೂರಬೇಕು. ಕೈಗಳಿಲ್ಲದ ಕುರ್ಚಿಯನ್ನು ಅವರಿಗೆ ಕೊಡಲೇಬೇಡಿ. ಲೋಟಕ್ಕೂ ಇದೇ ಉಪಾಯ. ಒಂದು ಕೈ ಮೇಜಿನ ಅಂಚನ್ನು ಮುಟ್ಟಿರಲಿ, ಇನ್ನೊಂದು ಕೈ ಲೋಟವನ್ನು ಅದರಿಂದ ಒಳಗೆ ಇಡಲಿ. ಕಣ್ಣು ತಪ್ಪಿದ ಅಳತೆಯನ್ನು ಬೆರಳು ಹಿಡಿಯುತ್ತದೆ. ಮೇಜಿನ ಮೇಲೆ ಗಾಢ ಬಣ್ಣದ, ಚಿತ್ತಾರವಿಲ್ಲದ ಒಂದು ಮ್ಯಾಟ್ ಹಾಸಿ, “ಲೋಟ ಇದರ ಮೇಲೆ” ಎಂದು ಮಾಡಿಕೊಂಡರೆ ಇನ್ನೂ ಸುಲಭ.

ಮೆಟ್ಟಿಲುಗಳ ಅಂಚಿಗೆ, ಪ್ರತಿಯೊಂದಕ್ಕೂ, ಎದ್ದು ಕಾಣುವ ಬಣ್ಣದ ಜಾರದ ಪಟ್ಟಿ ಬೇಕು. ಮೊದಲನೆಯದು ಮತ್ತು ಕೊನೆಯದಕ್ಕೆ ಮಾತ್ರ ಅಂಟಿಸಿ ಬಿಡಬೇಡಿ. ಹಿಡಿಕಂಬಿ ಗೋಡೆಯ ಬಣ್ಣದಲ್ಲೇ ಇದ್ದರೆ ಅದು ಇಲ್ಲದ ಲೆಕ್ಕ, ಬೇರೆ ಬಣ್ಣ ಹಚ್ಚಿ. ಬಾತ್‌ರೂಮಿನಲ್ಲಿ ಬಿಳಿ ನೆಲ, ಬಿಳಿ ಗೋಡೆ, ಬಿಳಿ ಕಮೋಡ್ ಎಲ್ಲ ಒಂದೇ ಬಿಳಿಯಾಗಿ ಕಾಣಬಹುದು. ಗಾಢ ಬಣ್ಣದ ಸೀಟ್ ಹಾಕಿಸಿದರೆ ಕೂರುವ ಜಾಗ ತಿಳಿಯುತ್ತದೆ. ಊಟದ ತಟ್ಟೆಯ ಬಣ್ಣ ಅದರಲ್ಲಿರುವ ಆಹಾರಕ್ಕಿಂತ ಬೇರೆಯಾಗಿರಲಿ. ತಟ್ಟೆಯ ಒಂದು ಬದಿ ಹಾಗೇ ಉಳಿದಿದ್ದರೆ, ಬೇಡವಾಗಿ ಬಿಟ್ಟದ್ದೋ ಕಾಣದೆ ಬಿಟ್ಟದ್ದೋ ಎಂದು ನೋಡಿ. ತಟ್ಟೆ ತಿರುಗಿಸಿ ಇಟ್ಟರೆ ಗೊತ್ತಾಗಿಬಿಡುತ್ತದೆ.

ಒಂದು ಎಚ್ಚರಿಕೆ. ಎದ್ದು ಕಾಣಬೇಕು ಎಂದು ಎಲ್ಲೆಡೆ ಬಣ್ಣ ತುಂಬಬೇಡಿ. ಹೂಬಳ್ಳಿಯ ಕಾರ್ಪೆಟ್, ಚುಕ್ಕೆಚುಕ್ಕೆಯ ಟೈಲ್ಸ್, ಪಟ್ಟೆಪಟ್ಟೆಯ ಹೊದಿಕೆ ಇವರಿಗೆ ಶತ್ರು. ಚಿತ್ತಾರದ ನೆಲ ಅಲುಗಾಡಿದಂತೆ, ಹುಳು ಹರಿದಂತೆ, ಗುಂಡಿ ಬಿದ್ದಂತೆ ಕಾಣಬಹುದು. ಬಾಗಿಲ ಮುಂದೆ ಹಾಸಿದ ಕಪ್ಪು ಕಾಲೊರಸು ಬಟ್ಟೆಯನ್ನು ಹಳ್ಳವೆಂದು ತಿಳಿದು ಅದನ್ನು ದಾಟಲು ಹೋಗಿ ಬಿದ್ದವರಿದ್ದಾರೆ. ನೆಲ ಒಂದೇ ಬಣ್ಣದ್ದಾಗಿರಲಿ, ಹೊಳೆಯದಿರಲಿ. ಅಂಚುಗಳು ಮಾತ್ರ ಎದ್ದು ಕಾಣಲಿ. ಸಾಮಾನುಗಳನ್ನು ಕಡಿಮೆ ಮಾಡಿ. ಉಳಿದದ್ದನ್ನು ಮತ್ತೆ ಮತ್ತೆ ಜಾಗ ಬದಲಿಸಬೇಡಿ. ಹಾಸಿಗೆಯಿಂದ ಬಾತ್‌ರೂಮಿನವರೆಗೆ ರಾತ್ರಿಯಿಡೀ ಮಂದ ದೀಪ ಇರಲಿ.

ಇಷ್ಟೆಲ್ಲ ಮಾಡುವ ಮುಂಚೆ ಒಂದು ವಾರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಬಡಿದದ್ದು, ಬಿದ್ದದ್ದು, ಬೀಳಿಸಿದ್ದು ಎಷ್ಟು ಹೊತ್ತಿಗೆ, ಎಲ್ಲಿ, ಬೆಳಕು ಹೇಗಿತ್ತು, ಮಾತ್ರೆ ತಗೊಂಡು ಎಷ್ಟು ಹೊತ್ತಾಗಿತ್ತು ಎಂದು ಬರೆಯಿರಿ. ಡೋಪಮೈನ್ ಕೊರತೆ ತುಂಬಲು ಕೊಡುವ ಲೆವೊಡೋಪ ಮಾತ್ರೆಯಿಂದ ಕಾಂಟ್ರಾಸ್ಟ್ ಸ್ವಲ್ಪ ಮಟ್ಟಿಗೆ ಸುಧಾರಿಸುವುದುಂಟು. ಜಾಗದ ಲೆಕ್ಕ ಅಷ್ಟಾಗಿ ಸುಧಾರಿಸುವುದಿಲ್ಲ. ತಪ್ಪುಗಳೆಲ್ಲ ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೇ ಆಗುತ್ತಿದ್ದರೆ, ಮಾತ್ರೆಯ ಸಮಯ ಬದಲಿಸಿ ನೋಡಲು ನಿಮ್ಮ ನರರೋಗ ತಜ್ಞರಿಗೆ ಅದು ಒಳ್ಳೆಯ ಸುಳಿವು. ಜೊತೆಗೆ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಸುಲಭ ಮಾಡಿಕೊಳ್ಳಲು ಕಲಿಸುವ ತಜ್ಞರು) ಮನೆಗೇ ಬಂದು ನೋಡುವಂತಾದರೆ ನಾನು ಇಲ್ಲಿ ಬರೆದದ್ದಕ್ಕಿಂತ ಎಷ್ಟೋ ಜಾಸ್ತಿ ಹೇಳುತ್ತಾರೆ.

ಅವರು ಕಾರೋ ಬೈಕೋ ಓಡಿಸುತ್ತಿದ್ದಾರೆಯೇ ಎಂದು ನೀವು ಬರೆದಿಲ್ಲ. ಓಡಿಸುತ್ತಿದ್ದರೆ ಸದ್ಯಕ್ಕೆ ನಿಲ್ಲಿಸಿ. ಇದನ್ನು ಹೇಳುವಾಗ ನನಗೂ ಸಂಕಟವಾಗುತ್ತದೆ. ಓಡಿಸುವುದು ಬಿಟ್ಟರೆ ಸ್ವಾತಂತ್ರ್ಯವೇ ಹೋದಂತೆ ಅನಿಸುತ್ತದೆ ಎಂದು ಗೊತ್ತು. ಆದರೆ ಬಾಗಿಲಿನ ಅಗಲ ತಪ್ಪುವವರಿಗೆ ಎದುರಿನ ವಾಹನದ ದೂರವೂ ತಪ್ಪುತ್ತದೆ. ಸರಿಯಾದ ಪರೀಕ್ಷೆ ಆಗುವವರೆಗೆ ಬೇಡ.

ಇನ್ನು ಆ ಕರ್ಟನ್. ನಿಮ್ಮ ಪತ್ರದಲ್ಲಿ ನನಗೆ ಸಮಾಧಾನ ತಂದದ್ದು “ಓ, ಕರ್ಟನ್ನು” ಎಂಬ ಅವರದೇ ಮಾತು. ಮಬ್ಬು ಬೆಳಕಿನಲ್ಲಿ ಕಣ್ಣು ಅರ್ಧ ಸುದ್ದಿ ಕೊಟ್ಟಾಗ ಮೆದುಳು ಉಳಿದರ್ಧವನ್ನು ತಾನೇ ತುಂಬುತ್ತದೆ. ನಾವೂ ಮೋಡದಲ್ಲಿ ಮುಖ ಕಾಣುತ್ತೇವಲ್ಲ, ಹಾಗೆ. ಪಾರ್ಕಿನ್ಸನ್ಸ್‌ನಲ್ಲಿ ಇದು ಜಾಸ್ತಿ. ಕೆಲವರಿಗೆ ಕಣ್ಣಂಚಿನಲ್ಲಿ ಬೆಕ್ಕು ಓಡಿದಂತೆ ಆಗುತ್ತದೆ. ಕೆಲವರಿಗೆ ಹಿಂದೆ ಯಾರೋ ನಿಂತಂತೆ ಅನಿಸುತ್ತದೆ, ತಿರುಗಿದರೆ ಯಾರೂ ಇರುವುದಿಲ್ಲ. ಇವು ಬಂದ ತಕ್ಷಣ ಹುಚ್ಚು ಎಂದಲ್ಲ. ಕಂಡದ್ದು ನಿಜವಲ್ಲ ಎಂದು ಅವರಿಗೇ ತಿಳಿಯುತ್ತಿರುವಷ್ಟು ದಿನ, ದೀಪ ಹಾಕುವುದು, ಕರ್ಟನ್ ಸರಿಸುವುದು, ಹತ್ತಿರ ಹೋಗಿ ಮುಟ್ಟಿ ನೋಡುವುದು ಸಾಕು. ಮತ್ತೆ ಹಾಗೆ ಕೇಳಿದರೆ ವಾದ ಮಾಡಬೇಡಿ, ನಗಬೇಡಿ. “ನನಗೆ ಕರ್ಟನ್ ಕಾಣ್ತಿದೆ, ಬನ್ನಿ ದೀಪ ಹಾಕಿ ನೋಡೋಣ” ಅನ್ನಿ.

ಆದರೆ ಡಾಕ್ಟರಿಗೆ ಹೇಳಲೇಬೇಕು, ಮುಚ್ಚಿಡಬಾರದು. ಆಗಲೇ ಹೇಳಿದ ಟ್ರೈಹೆಕ್ಸಿಫೆನಿಡಿಲ್, ಅಮಾಂಟಡೀನ್, ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಇಂಥ ಪಾರ್ಕಿನ್ಸನ್ಸ್ ಮಾತ್ರೆಗಳು ಇಲ್ಲದ್ದನ್ನು ಕಾಣಿಸುವುದನ್ನು ಹೆಚ್ಚಿಸಬಹುದು. ಮೂತ್ರಕ್ಕೆ, ನಿದ್ದೆಗೆ, ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳೂ ಅಷ್ಟೇ. ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಮಾಡಿ ತೋರಿಸಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಪಾರ್ಕಿನ್ಸನ್ಸ್ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ವಿಪರೀತ ಜ್ವರ, ಮೈ ಸೆಟೆದುಕೊಳ್ಳುವುದು ಇಂಥ ಪ್ರಾಣಕ್ಕೇ ಅಪಾಯವಾದ ಸ್ಥಿತಿ ಬರಬಹುದು. ಎರಡು ಮೂರು ದಿನದಲ್ಲಿ ದಿಢೀರನೆ ಗೊಂದಲ ಹೆಚ್ಚಾದರೆ, ಯಾರ್‍ಯಾರೋ ಕಾಣಲು ಶುರುವಾದರೆ, ಮೂತ್ರದ ಸೋಂಕು, ನೀರಿನಂಶ ಕಡಿಮೆಯಾಗಿರುವುದು, ಮಲಬದ್ಧತೆ ಅಥವಾ ಹೊಸ ಮಾತ್ರೆ ಕಾರಣವಾಗಿರಬಹುದು. ಕಾಯಿಲೆ ಜಾಸ್ತಿಯಾಯಿತು ಎಂದು ಕೈಚೆಲ್ಲಬೇಡಿ, ಆ ದಿನವೇ ತೋರಿಸಿ. ಎಲ್ಲಾದರೂ ತುರ್ತಾಗಿ ಸೇರಿಸಬೇಕಾಗಿ ಬಂದರೆ ಪಾರ್ಕಿನ್ಸನ್ಸ್ ಇದೆ ಎಂದು ಮೊದಲು ಹೇಳಿ. ಗೊಂದಲ ತಗ್ಗಿಸಲು ಸಾಮಾನ್ಯವಾಗಿ ಕೊಡುವ ಹ್ಯಾಲೋಪೆರಿಡಾಲ್ ಇವರಿಗೆ ಆಗದು. ಅದು ಡೋಪಮೈನ್ ಕೆಲಸವನ್ನೇ ತಡೆದು ಮೈಯನ್ನು ಕಲ್ಲಿನಂತೆ ಬಿಗಿಯುತ್ತದೆ. ಇವರಿಗೆ ಹೊಂದುವ ಬೇರೆ ಮಾತ್ರೆಗಳಿವೆ.

ಮರೆವಿನ ಕಾಯಿಲೆಯೇ (ಡಿಮೆನ್ಷಿಯಾ) ಎಂದು ಕೇಳಿದಿರಿ. ಬರೆದದ್ದಷ್ಟನ್ನೇ ನೋಡಿ ಹೌದು ಎನ್ನಲು ಆಗುವುದಿಲ್ಲ. ಜಾಗ-ದೂರದ ಲೆಕ್ಕ ತಪ್ಪುವುದು ಡಿಮೆನ್ಷಿಯಾ ಇಲ್ಲದವರಲ್ಲೂ, ಕಾಯಿಲೆಯ ಮೊದಲ ವರ್ಷಗಳಲ್ಲೂ ಇರುತ್ತದೆ. ಆದರೆ ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಪಾರ್ಕಿನ್ಸನ್ಸ್ ಹೊಸದಾಗಿ ಪತ್ತೆಯಾದವರನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನವಿದೆ. ಒಂದರ ಮೇಲೊಂದು ಸೇರಿದ ಎರಡು ಪಂಚಕೋನಗಳ ಚಿತ್ರವನ್ನು ನೋಡಿ ಬರೆಯಲು ಆಗದವರಲ್ಲಿ, ಪ್ರಾಣಿಗಳ ಹೆಸರು ಪಟಪಟ ಹೇಳಲು ಆಗದವರಲ್ಲಿ ಮುಂದೆ ಡಿಮೆನ್ಷಿಯಾ ಬರುವ ಅಪಾಯ ಜಾಸ್ತಿ ಎಂದು ಅದರಲ್ಲಿ ಕಂಡಿತು. ಅಪಾಯ ಜಾಸ್ತಿ ಎಂದರೆ ಬಂದೇ ಬರುತ್ತದೆ ಎಂದಲ್ಲ. ಆದ್ದರಿಂದ ಗಡಿಯಾರ ಬರೆಸುವ, ಘನಾಕೃತಿ ನಕಲು ಮಾಡಿಸುವ ಒಂದು ಸಣ್ಣ ಪರೀಕ್ಷೆಯನ್ನು ಈಗ ಮಾಡಿಸಿ, ವರ್ಷಕ್ಕೊಮ್ಮೆ ಮತ್ತೆ ಮಾಡಿಸಿ. ತಮ್ಮದೇ ಮನೆಯಲ್ಲಿ ದಾರಿ ತಪ್ಪುವುದು, ಮಾತ್ರೆಗಳ ಲೆಕ್ಕ ಕೈತಪ್ಪುವುದು, ಒಂದು ದಿನ ಚುರುಕು ಇನ್ನೊಂದು ದಿನ ಪೂರ್ತಿ ಮಂಕು, ಕಂಡದ್ದು ಸುಳ್ಳು ಎಂದು ತಾವೇ ಹೇಳುವುದು ನಿಂತುಹೋಗುವುದು, ಇವುಗಳಲ್ಲಿ ಯಾವುದಾದರೂ ಬಂದರೆ ವರ್ಷದವರೆಗೆ ಕಾಯಬೇಡಿ. ಆ ಹಂತಕ್ಕೂ ರಿವಾಸ್ಟಿಗ್ಮಿನ್‌ನಂಥ ಔಷಧವಿದೆ, ಕೆಲವರಿಗೆ ಚೆನ್ನಾಗಿ ಹಿಡಿಯುತ್ತದೆ.

ಕೆಳಗೆ ನೋಡಲು ಕಣ್ಣು ಇಳಿಯುವುದೇ ಕಷ್ಟವಾಗಿದ್ದರೆ, ಜೊತೆಗೆ ಹಿಂದಕ್ಕೆ ಬೀಳುತ್ತಿದ್ದರೆ ಅದನ್ನು ಬೇರೆಯಾಗಿಯೇ ಹೇಳಿ. ಪಾರ್ಕಿನ್ಸನ್ಸ್‌ನಂತೆ ಕಾಣುವ ಬೇರೊಂದು ಕಾಯಿಲೆಯಲ್ಲಿ ಹಾಗಾಗುತ್ತದೆ. ನಿಮ್ಮ ವಿವರಣೆಯಲ್ಲಿ ಅದರ ಗುರುತು ನನಗೆ ಕಾಣಲಿಲ್ಲ.

ಟೇಪ್ ಅಂಟಿಸುವುದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಇವತ್ತು ಸಂಜೆ, ಕೋಣೆಗೆಲ್ಲ ದೀಪ ಹಾಕಿ, ಅವರ ಪಕ್ಕ ಕೂತು ಕೇಳಿ: “ಈ ಬಾಗಿಲು ನಿಮಗೆ ಹೇಗೆ ಕಾಣುತ್ತೆ?” ಬಹುಶಃ ಇಷ್ಟು ದಿನ ಅವರನ್ನು ಯಾರೂ ಕೇಳಿರಲಿಕ್ಕಿಲ್ಲ. ಮೆಟ್ಟಿಲು, ನೆಲ, ತಟ್ಟೆ, ಪುಸ್ತಕದ ಸಾಲು, ಒಂದೊಂದನ್ನೇ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ. ಮುಂದಿನ ಭೇಟಿಯಲ್ಲಿ ಆ ಪುಟವನ್ನು ಡಾಕ್ಟರ ಮುಂದಿಡಿ. ಅದನ್ನು ಓದಿ ಹೇಳುವ ಕೆಲಸ ನಿಮ್ಮ ಗಂಡನಿಗೇ ಬಿಡಿ.